ಕಾರ್ಬನ್ ಭಾವ ಕತ್ತರಿಸಿದ ನಾಲ್ಕು ನಿಮಿಷ

ನಮ್ಮ ಭಾವನಿಗೆ ಕಾರ್ಬನ್ ಎಂದು ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಬಣ್ಣ ನೋಡಿ ಇಟ್ಟದ್ದಂತೂ ಅಲ್ಲ, ಭಾವ ಬೆಳ್ಳಗೇ ಇದ್ದಾರೆ. ಹಿಂದೆ ಟಾಕೀಸಿನ ಮಷೀನಿನಲ್ಲಿ ಬಲ್ಬು ಇರುತ್ತಿರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳನ್ನು ಮೂತಿಗೆ ಮೂತಿ ಹಿಡಿದು ಕರೆಂಟು ಹರಿಸಿದರೆ ಕಣ್ಣು ಕುಕ್ಕುವ ಬೆಳಕು ಬರುತ್ತಿತ್ತು. ಕಡ್ಡಿ ಉರಿದು ಸವೆದ ಹಾಗೆಲ್ಲ ತಿರುಪು ತಿರುಗಿಸಿ ಮುಂದಕ್ಕೆ ತಳ್ಳುತ್ತಿರಬೇಕು. ಮರೆತರೆ ಪರದೆ ಕಪ್ಪು, ಕೆಳಗಿನಿಂದ ಸಿಳ್ಳೆ, ಜೊತೆಗೆ ಹೆತ್ತವರನ್ನೂ ಸೇರಿಸಿ ಬೈಗುಳ. ಭಾವ ಆಪರೇಟರ್ ಆದ ಮೇಲೆ ಒಂದು ದಿನವೂ ಆ ಬೈಗುಳ ತಿಂದವರಲ್ಲ.

ನಾನು ಅದೇ ಟಾಕೀಸಿನ ಟಿಕೆಟ್ ಕೌಂಟರಿನವಳು. ಅಕ್ಕನ ಮದುವೆಯಾದ ಮೇಲೆ ಭಾವನೇ ಯಜಮಾನರಿಗೆ ಹೇಳಿ ಸೇರಿಸಿದ್ದು. ನನ್ನ ಬಾಯಿ ಸ್ವಲ್ಪ ಜೋರು ಅಂತ ಊರೆಲ್ಲ ಹೇಳುತ್ತದೆ. ಒಂದು ಕೈ ತೂರುವಷ್ಟು ಕಿಂಡಿಯ ಹಿಂದೆ ಕೂತು ದಿನಕ್ಕೆ ನಾಲ್ಕು ಆಟ ಜನರ ಜೊತೆ ಗುದ್ದಾಡಿ ನೋಡಿ, ನಿಮ್ಮ ಬಾಯಿ ಎಷ್ಟು ಮೆತ್ತಗಿರುತ್ತದೆ ಎಂದು. ಭಾವ ಮಾತ್ರ ಬಾಯಿದ್ದೂ ಇಲ್ಲದವರು. ಮೇಲಿನ ಕ್ಯಾಬಿನ್ನಿನಲ್ಲಿ ಮಷೀನಿನ ಕಟಕಟ ಸದ್ದಿನ ನಡುವೆ ಇದ್ದೂ ಇದ್ದೂ ಮಾತಾಡುವುದೇ ಮರೆತುಹೋಗಿರಬೇಕು. ಏನು ಕೇಳಿದರೂ 'ಹೂಂ' ಎಂದು ಎದ್ದು ಹೋಗುತ್ತಾರೆ. ಅವರ ಆ 'ಹೂಂ' ನಮ್ಮ ಮನೆಗೆ ಏನು ತಂದಿತು ಅನ್ನುವುದನ್ನು ಹೇಳಬೇಕು. ಅದರಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಆ ಹಡಗಿನ ಸಿನಿಮಾ ಮೊದಲ ಸಲ ನಮ್ಮಲ್ಲಿಗೆ ಬಂದಾಗ ನನಗೆ ಇಪ್ಪತ್ತೆರಡು. ಯುದ್ಧದ ಕಥೆ. ಸರಕು ಹಡಗುಗಳಿಗೆ ಕಾವಲಾಗಿ ಒಂದು ಸಣ್ಣ ಯುದ್ಧನೌಕೆ ಹೊರಡುತ್ತದೆ. ಊರಿಗೆ ಊರೇ ಬಂದರಿಗೆ ಬಂದು ಕೈ ಬೀಸಿ ಕಳಿಸಿಕೊಡುತ್ತದೆ. ನಡು ಸಮುದ್ರದಲ್ಲಿ ಕಾದಾಟ, ರೇಡಿಯೋ ಹಾಳು, ಹನ್ನೆರಡು ದಿನ ಸುದ್ದಿಯಿಲ್ಲ. ಕೊನೆಯ ನಾಲ್ಕು ನಿಮಿಷದಲ್ಲಿ ಹಡಗು ಮುಳುಗುತ್ತದೆ. ಎಲ್ಲರೂ ನೀರಿಗೆ ಹಾರುವಾಗ ಅಡುಗೆಯವನೊಬ್ಬ ಮೆಟ್ಟಿಲಿಳಿದು ಒಲೆ ಆರಿಸಲು ಹೋಗುತ್ತಾನೆ. ಅವನು ಮೇಲೆ ಬರುವುದಿಲ್ಲ. ಆಮೇಲೆ ಬರೀ ನೀರು.

ನಮ್ಮ ಹಳೆಯ ಯಜಮಾನರಿಗೆ ಒಂದು ಹುಚ್ಚಿತ್ತು. ಹೊರಬಾಗಿಲ ಹತ್ತಿರ ಸ್ಟೂಲಿನ ಮೇಲೆ ಒಂದು ನೋಟುಬುಕ್ಕು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ನೋಡಿದವರು ಅಭಿಪ್ರಾಯ ಬರೆಯಬೇಕು. ಮೂರು ದಿನ ಅದರಲ್ಲಿ ಏನೇನು ಬಂತು ಅಂತೀರಿ! 'ಇಂಥ ಸಿನಿಮಾ ನೂರು ವರ್ಷಕ್ಕೊಂದು' ಎಂದು ಒಬ್ಬ. ಅದರ ಕೆಳಗೇ 'ದುಡ್ಡು ಕೊಟ್ಟು ಅಳುವುದಕ್ಕೆ ನಮಗೇನು ಹುಚ್ಚೇ?' ಎಂದು ಇನ್ನೊಬ್ಬ. 'ಕ್ಯಾಪ್ಟನ್ ಹೇಡಿ.' 'ಕ್ಯಾಪ್ಟನ್ ಹೇಡಿ ಅಂದವನು ಹೇಡಿ.' 'ಮುಳುಗುವ ಹಡಗಿನಲ್ಲಿ ಒಲೆ ಆರಿಸುತ್ತಾನಂತೆ, ಬುದ್ಧಿ ಬೇಡವೇ?' ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿತ್ತು. ಆದರೆ ಹೆಂಗಸರ ಸಾಲು ಮಾತ್ರ ಮೂರನೇ ದಿನಕ್ಕೆ ಪೂರ್ತಿ ಖಾಲಿ.

ಯಜಮಾನರು ನೋಟುಬುಕ್ಕು ಹಿಡಿದುಕೊಂಡು ಕ್ಯಾಬಿನ್ನಿಗೆ ಹತ್ತಿದರು. ನಾನು ಭಾವನಿಗೆ ಊಟದ ಡಬ್ಬಿ ಕೊಡಲು ಹೋದವಳು ಅಲ್ಲೇ ಇದ್ದೆ.

"ಹಡಗನ್ನ ವಾಪಸ್ ತರಿಸಯ್ಯಾ," ಅಂದರು.

"ನಾನ್ಯಾರು ಯಜಮಾನ್ರೆ ತರಿಸೋಕೆ?"

"ಕತ್ತರಿ ಯಾರ ಕೈಲಿದೆ?"

ಭಾವ "ಹೂಂ" ಅಂದರು.

ಉಪಾಯ ಹೊಳೆದದ್ದು ನನಗೆ. ಕೊನೆಯ ನಾಲ್ಕು ನಿಮಿಷ ಕತ್ತರಿಸಿದರೆ ಕಥೆ ನಡುದಾರಿಯಲ್ಲಿ ನಿಲ್ಲುತ್ತದೆ, ಅಲ್ಲಿಗೆ ಏನಾದರೂ ಅಂಟಿಸಬೇಕು. "ಮೊದಲನೇ ರೀಲಲ್ಲಿ ಬಂದರಿನಲ್ಲಿ ಕೈ ಬೀಸ್ತಾರಲ್ಲ ಭಾವ, ಅದನ್ನ ಕಿತ್ತು ಕೊನೆಗೆ ಹಾಕಿ. ಹಡಗು ದಡದ ಪಕ್ಕದಲ್ಲೇ ನಿಂತಿದೆ. ಹೋಗೋದೂ ಹಾಗೇ ಕಾಣುತ್ತೆ, ಬರೋದೂ ಹಾಗೇ ಕಾಣುತ್ತೆ," ಅಂದೆ. ಯಜಮಾನರು ನನ್ನ ತಲೆ ತಟ್ಟಿ ಶಭಾಷ್ ಅಂದರು. ಭಾವ ರೀಲಿನ ಅಂಚನ್ನು ಬ್ಲೇಡಿನಿಂದ ಕೆರೆದು, ಅಂಟು ಸವರಿ, ಬೆರಳಿನಿಂದ ಒತ್ತಿ ಹಿಡಿದರು. ಬ್ಯಾಂಡು ಬಾರಿಸಿತು, ತಾಯಂದಿರು ಕಣ್ಣೊರೆಸಿಕೊಂಡರು, ಕರವಸ್ತ್ರಗಳು ಹಾರಾಡಿದವು, ಹಡಗು ಮನೆಗೆ ಬಂತು. ಮ್ಯಾಟಿನಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆಗಲೂ ನೋಟುಬುಕ್ಕಿನಲ್ಲಿ ಒಬ್ಬ ಪೋಸ್ಟ್‌ಮ್ಯಾನ್ 'ಹಡಗು ಬಂದರೆ ಹೆಂಗಸರು ಅಳುವುದೇಕೆ?' ಎಂದು ಬರೆದಿದ್ದ. ಅದರ ಕೆಳಗೆ ಯಾರೋ 'ಆನಂದಬಾಷ್ಪ ಕಣಯ್ಯಾ, ಮದುವೆಯಾಗು ಗೊತ್ತಾಗುತ್ತೆ' ಎಂದು ಉತ್ತರ ಕೊಟ್ಟಿದ್ದರು. ಹತ್ತು ವಾರ ಓಡಿತು. ಪ್ರಿಂಟು ವಾಪಸ್ ಹೋಗುವಾಗ ಭಾವ ಎಲ್ಲವನ್ನೂ ಇದ್ದಲ್ಲಿಗೆ ಅಂಟಿಸಿ ಕಳಿಸಿದರು. ಎರಡು ಮೂರು ವರ್ಷಕ್ಕೊಮ್ಮೆ ಅದೇ ಸಿನಿಮಾ ಮತ್ತೆ ಬರುತ್ತಿತ್ತು. ಬಂದ ದಿನ ಕತ್ತರಿ, ಹೋಗುವ ದಿನ ಅಂಟು. ಒಮ್ಮೆ ಟಿವಿಯಲ್ಲಿ ಬರುತ್ತದೆ ಎಂದಾಗ ಭಾವ ಬೆಳಿಗ್ಗೆಯೇ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿಟ್ಟರು. ಅಕ್ಕ ಟಿವಿಯ ತಲೆಗೆ ಬಡಿದೂ ಬಡಿದೂ ಸುಸ್ತಾದಳು.

ಅಕ್ಕನಿಗೆ ಹೇಳಬಾರದು ಎಂದು ನಾವೇನೂ ಆಣೆ ಮಾಡಿರಲಿಲ್ಲ. ಮೊದಲ ಸಲ ನೋಡಿ ಬಂದು ಅವಳು ಅಷ್ಟು ಖುಷಿಪಟ್ಟಿದ್ದಳು, ಆ ಹೊತ್ತಿಗೆ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಮಗ ಹುಟ್ಟಿದ, ಅವನನ್ನೂ ಕಟ್ಟಿಕೊಂಡು ನೋಡಿದಳು. ಅವನು ಹದಿನೇಳಕ್ಕೆ ನೌಕಾಪಡೆಗೆ ಅರ್ಜಿ ಹಾಕಿದಾಗ ಅಪ್ಪನ ಸಹಿ ಬೇಕಿತ್ತು. ಭಾವ ಸಹಿ ಹಾಕಿ ನೇರ ನನ್ನ ಕೌಂಟರಿಗೆ ಬಂದರು.

"ಅವನಿಗಾದ್ರೂ ಹೇಳ್ಬೇಕಿತ್ತು ಕಣೇ."

"ಏನಂತ?"

"ಹಡಗು ಬರಲ್ಲ ಅಂತ."

ನಾನು ನಕ್ಕುಬಿಟ್ಟೆ. "ಸಿನಿಮಾ ನೋಡಿ ಯಾರಾದ್ರೂ ಕೆಲಸಕ್ಕೆ ಸೇರ್ತಾರಾ ಭಾವ? ಸಂಬಳ ನೋಡಿ ಸೇರ್ತಾರೆ. ಹೋಗಿ, ರೀಲು ಸುತ್ತಿ," ಅಂದೆ. ನಕ್ಕಿದ್ದಕ್ಕೆ ಈಗ ನನ್ನ ನಾಲಿಗೆಯನ್ನೇ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಹನ್ನೆರಡು ವರ್ಷ ಕಳೆಯಿತು. ಹುಡುಗ ಹಡಗಿನ ಎಂಜಿನ್ ರೂಮಿನಲ್ಲಿ ಒಳ್ಳೆಯ ಕೆಲಸಗಾರ ಎನ್ನಿಸಿಕೊಂಡ. ಇಲ್ಲಿ ಯಜಮಾನರು ತೀರಿಕೊಂಡು ಅವರ ಮಗ ಕುರ್ಚಿಗೆ ಬಂದ. ನಾವು ಅವನನ್ನು ಚಿಕ್ಕ ಯಜಮಾನ ಅನ್ನುತ್ತೇವೆ. ಹಳೆಯ ಮಷೀನು ಗುಜರಿಗೆ ಹೋಯಿತು. ಈಗಿನದರಲ್ಲಿ ರೀಲೂ ಇಲ್ಲ ಕಡ್ಡಿಯೂ ಇಲ್ಲ, ಸಿನಿಮಾ ಒಂದು ಪುಟ್ಟ ಪೆಟ್ಟಿಗೆಯೊಳಗೆ ಬೀಗ ಹಾಕಿಕೊಂಡು ಬರುತ್ತದೆ. ಭಾವನ ಕೆಲಸ ಎರಡು ಗುಂಡಿ ಒತ್ತುವುದು. ಒಂದು ಶುರು ಮಾಡಲು, ಒಂದು ನಿಲ್ಲಿಸಲು. ಕತ್ತರಿ ಡ್ರಾಯರಿನಲ್ಲಿ ತುಕ್ಕು ಹಿಡಿಯುತ್ತಿದೆ.

ಈ ಸಲ ಚಿಕ್ಕ ಯಜಮಾನ ಆ ಹಡಗಿನ ಸಿನಿಮಾವನ್ನೇ ತರಿಸಿದ. ಹಳೆಯದನ್ನು ತೊಳೆದು ಬೆಳಗಿ ಪೂರ್ತಿಯಾಗಿ ಮತ್ತೆ ಬಿಟ್ಟಿದ್ದಾರಂತೆ. "ಪೂರ್ತಿ ಅಂದ್ರೆ ಪೂರ್ತಿ ಆಂಟಿ, ಒಂದು ಸೆಕೆಂಡೂ ಕಟ್ ಇಲ್ಲ," ಎಂದು ನನ್ನೆದುರು ಎದೆ ಉಬ್ಬಿಸಿದ. ನಾನು ಭಾವನ ಮುಖ ನೋಡಿದೆ, ಭಾವ ನೆಲ ನೋಡಿದರು.

ಮೊದಲ ಆಟ ಬಿಟ್ಟ ಕೂಡಲೇ ಗಲಾಟೆ. ಊರಿನ ಹಿರಿಯರೆಲ್ಲ ಕೌಂಟರಿಗೆ ಮುಗಿಬಿದ್ದರು. "ನಮ್ಮ ಸಿನಿಮಾನ ಹಾಳು ಮಾಡಿದಾರೆ! ಹಡಗು ಬಂದಿತ್ತು, ನಾನು ಈ ಕಣ್ಣಿಂದ ನೋಡಿದೀನಿ," ಎಂದು ರಿಟೈರ್ಡ್ ಲೆಕ್ಕದ ಮೇಷ್ಟ್ರು. "ತಾತಾ, ಮುಳುಗೋದೇ ಅದರ ಜೀವ. ಬಂದುಬಿಟ್ರೆ ಏನು ಕಥೆ ಅದು?" ಎಂದು ಕಾಲೇಜಿನ ಹುಡುಗಿ. "ಕಾದಾಟ ಚೆನ್ನಾಗಿದೆ, ಹಾಡಿಲ್ಲ," ಎಂದು ಆಟೋದವನು. ಮೂಲೆಯ ದರ್ಜಿಯೂ ಅವನ ಅಣ್ಣನೂ ಹಡಗು ಆವತ್ತು ಬಂದಿತ್ತೋ ಇಲ್ಲವೋ ಎಂದು ಜಗಳವಾಡಿ ಮಾತು ಬಿಟ್ಟರು. ಒಂದೇ ಅಂಗಡಿಯಲ್ಲಿ ಕೂತು ಈಗ ಕತ್ತರಿ ಬೇಕಾದರೂ ಗಿರಾಕಿಯ ಮೂಲಕ ಕೇಳುತ್ತಾರೆ. ಮೇಷ್ಟ್ರು ಭಾವನನ್ನೇ ಸಾಕ್ಷಿಗೆ ಹಿಡಿದರು. "ಕಾರ್ಬನ್ನೂ, ನೀನೇ ಹೇಳಪ್ಪ, ಬಂದಿತ್ತೋ ಇಲ್ವೋ?"

"ಹೂಂ, ಬಂದಿತ್ತು," ಅಂದರು ಭಾವ.

ನಾನು ಈ ತಮಾಷೆಯನ್ನೆಲ್ಲ ಅಕ್ಕನಿಗೆ ಹೇಳಿ ನಗಿಸಬೇಕು ಎಂದುಕೊಳ್ಳುತ್ತಿದ್ದೆ, ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಎರಡನೇ ವಾರದ ಸೋಮವಾರ ನೌಕಾಪಡೆಯ ಆಫೀಸಿನಿಂದ ಫೋನ್ ಬಂತು. ಹುಡುಗನ ಹಡಗು ಬಿರುಗಾಳಿಗೆ ಸಿಕ್ಕಿದೆ, ಸಂಪರ್ಕ ತಪ್ಪಿದೆ, ಮಾಹಿತಿ ಬಂದ ಕೂಡಲೇ ತಿಳಿಸುತ್ತೇವೆ. ಅಷ್ಟೇ. ಮತ್ತೆ ಮತ್ತೆ ಮಾಡಿದಾಗಲೂ ಅದೇ ಮಾತು, ಅದೇ ಗೌರವದ ದನಿ. ಅವರಿಗೆ ಬೈಯೋಣವೆಂದರೆ ಅವರು ಅಷ್ಟು ಮರ್ಯಾದೆಯಿಂದ ಮಾತಾಡುತ್ತಿದ್ದರು. ನನ್ನ ಜೋರು ಬಾಯಿ ಎಲ್ಲಿ ಹೋಯಿತೋ, "ಆಯ್ತು ಸಾರ್, ಆಯ್ತು ಸಾರ್" ಎಂದು ಇಟ್ಟುಬಿಡುತ್ತಿದ್ದೆ.

ಅಕ್ಕನ ಮನೆಯಲ್ಲಿ ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ ಸಿಗ್ನಲ್ ಸರಿಯಾಗಿ ಬರುತ್ತದೆ. ಅವಳು ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟಕ್ಕೆ ಆನಿಸಿ ನಿಲ್ಲಿಸಿ, ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟಳು. ತರಕಾರಿ ಹೆಚ್ಚುವುದೂ ಅಲ್ಲೇ, ಉಣ್ಣುವುದೂ ಅಲ್ಲೇ. ಭಾವ ಹಿಂದೆ ಬಾಗಿಲ ಹತ್ತಿರ ನಿಂತಿರುತ್ತಿದ್ದರು. ಒಳಗೆ ಹೋಗಲಾರರು, ಹೊರಗೆ ಬರಲಾರರು. ಒಂಬತ್ತನೇ ದಿನ ನಾನು ಹೋದಾಗ ಅಕ್ಕ ಸೀರೆ ಬದಲಾಯಿಸಿಕೊಂಡು ನಿಂತಿದ್ದಳು.

"ಸಿನಿಮಾಗೆ ಹೋಗೋಣ ನಡಿ," ಅಂದಳು.

"ಈಗ? ಯಾವ ಸಿನಿಮಾ ಅಕ್ಕಾ?"

"ಅದೇ, ಹಡಗಿಂದು. ಅದರಲ್ಲೂ ಹೀಗೇ ಸುದ್ದಿ ಇರಲ್ಲ ಅಲ್ವಾ? ಹನ್ನೆರಡು ದಿನ. ಆಮೇಲೆ ಬರುತ್ತೆ. ಒಂದ್ಸಲ ನೋಡ್ಕೊಂಡು ಬಂದ್ರೆ ಧೈರ್ಯ ಬರುತ್ತೆ ಕಣೇ. ಇಲ್ಲಿ ಕೂತ್ರೆ ನಂಗೆ ತಲೆ ಕೆಡ್ತಿದೆ."

ನಾನು ಭಾವನ ಕಡೆ ನೋಡಿದೆ. "ನಾಳೆ ನೋಡೋಣ, ಇವತ್ತು ಮಷೀನು ಸ್ವಲ್ಪ..." ಅಂದರು.

"ನಾಳೆ ನಾಳೆ ಅಂತ ಎಷ್ಟು ದಿನ ರೀ? ನಾನು ಏನು ಕೇಳಿದೀನಿ ನಿಮ್ಮನ್ನ, ಒಂದು ಸಿನಿಮಾ ತಾನೇ?"

ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ ಉಗುಳುವಂತಿಲ್ಲ. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ, ಮಗನ ಹಡಗಿನ ಸುದ್ದಿಯಿಲ್ಲದ ಒಂಬತ್ತನೇ ದಿನ, ಆ ತಾಯಿಗೆ ಹೇಳಬೇಕಾದ ಮಾತೇ ಅದು? ಭಾವ "ಹೂಂ" ಅಂದರು.

ನಾನು ಓಡುತ್ತಾ ಭಾವನ ಹಿಂದೆ ಕ್ಯಾಬಿನ್ನಿಗೆ ಹೋದೆ. ಭಾವ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು. ಎಲ್ಲಾದರೂ ಒಂದು ಅಂಚು ಸಿಕ್ಕೀತು, ಎಲ್ಲಾದರೂ ಬ್ಲೇಡು ಇಡಬಹುದು ಎನ್ನುವ ಹಾಗೆ. "ಇದರಲ್ಲಿ ಕತ್ತರಿಸೋಕೆ ಏನೂ ಇಲ್ವಲ್ಲೇ," ಅಂದರು. ಆ ದನಿ ಕೇಳಿ ನನಗೆ ಅಳು ಬಂತು. ಕೊನೆಗೆ ನಾವಿಬ್ಬರೂ ಸೇರಿ ಒಂದು ಉಪಾಯ ಹೂಡಿದೆವು. ಸಿನಿಮಾದಲ್ಲಿ ರೇಡಿಯೋ ಹಾಳಾಗಿ, ದಿನ ಕಳೆದು, ಹಡಗು ವಾಲಲು ಶುರುವಾಗುವ ಮುಂಚೆ ನಿಲ್ಲಿಸುವ ಗುಂಡಿ ಒತ್ತುವುದು. ಮಷೀನು ಕೆಟ್ಟಿದೆ ಎಂದು ಲೈಟು ಹಾಕುವುದು. ಬೈಯುವವರು ಬೈಯಲಿ. ನಾನು ಅಕ್ಕನನ್ನು ಕೈಹಿಡಿದು ಹೊರಗೆ ಕರೆತರುವುದು, ಇನ್ನೇನು ಹಡಗು ಬರೋದಿತ್ತು, ಇರಲಿ ಬಿಡು ಎನ್ನುವುದು.

ಮೂವತ್ತಾರು ವರ್ಷ ನಾವು ಆ ಸಿನಿಮಾದ ಕೊನೆಯನ್ನೇ ಕಾಯ್ದುಕೊಂಡು ಬಂದಿದ್ದೆವು. ಇಬ್ಬರಿಗೂ ಕೊನೆಯದೇ ಯೋಚನೆ, ಕೊನೆಯದೇ ಭಯ. ಮೊದಲಿನದು ಒಬ್ಬರಿಗೂ ನೆನಪಾಗಲಿಲ್ಲ. ಹಾಳಾದ ಬುದ್ಧಿ, ಇಷ್ಟು ವರ್ಷ ಟಾಕೀಸಿನ ಅನ್ನ ತಿಂದವರಿಗೆ ಅಷ್ಟು ತಿಳಿಯಬೇಡವೇ!

ಮ್ಯಾಟಿನಿಗೆ ನಲವತ್ತು ಜನವೂ ಇರಲಿಲ್ಲ. ಅಕ್ಕನನ್ನು ಹಿಂದಿನ ಸಾಲಿನಲ್ಲಿ, ಬಾಗಿಲಿನ ಪಕ್ಕ ಕೂರಿಸಿ ನಾನೂ ಪಕ್ಕದಲ್ಲಿ ಕೂತೆ. ಅವಳ ಕೈಯಲ್ಲಿ ಫೋನು. ಹೆಸರುಗಳು ಮುಗಿದವು, ಪರದೆಯ ಮೇಲೆ ಬಂದರು ಬಂತು. ಬ್ಯಾಂಡು ಬಾರಿಸಿತು. ತಾಯಂದಿರು ಕಣ್ಣೊರೆಸಿಕೊಂಡರು. ಕರವಸ್ತ್ರಗಳು ಹಾರಾಡಿದವು. ಭಾವ ಕತ್ತರಿಸಿ ಕೊನೆಗೆ ಅಂಟಿಸುತ್ತಿದ್ದ ಅದೇ ತುಂಡು, ಈಗ ತನ್ನ ಜಾಗದಲ್ಲಿ, ಸಿನಿಮಾದ ಶುರುವಿಗೇ ಬಂದಿತ್ತು. ಹಿಂದೆ ಭಾವ ಅದನ್ನು ಹಡಗು ಕದಲುವ ಮುಂಚೆಯೇ ತುಂಡು ಮಾಡುತ್ತಿದ್ದರು. ಈಗ ಹಡಗು ಕದಲಿತು. ದಡಕ್ಕೂ ಅದಕ್ಕೂ ನಡುವೆ ನೀರು ಅಗಲವಾಗುತ್ತಾ ಹೋಯಿತು.

"ಇದು ಕೊನೇಲಿ ಬರೋದಲ್ವೇನೇ?" ಅಂದಳು ಅಕ್ಕ.

ನಾನು ಬಾಗಿಲ ಕಡೆ ನೋಡಿದೆ.

"ಇವರು ಬರ್ತಿಲ್ಲ. ಹೋಗ್ತಿದಾರೆ," ಅಂದಳು.

ಆಗಲಾದರೂ ನಾನು ಹೇಳಬಹುದಿತ್ತು. ಅಕ್ಕ ಮತ್ತೆ ನನ್ನ ಕಡೆ ತಿರುಗಲಿಲ್ಲ. ಎರಡು ಗಂಟೆ ನೆಟ್ಟಗೆ ಕೂತಿದ್ದಳು. ಎದ್ದು ಹೋಗೋಣ ಎಂದು ತೋಳು ಹಿಡಿದರೆ ಕೊಡವಿದಳು. ಮೇಲೆ ಭಾವನಿಗೆ ಇದೇನೂ ಗೊತ್ತಿಲ್ಲ. ಅವರು ಮೊದಲ ದೃಶ್ಯವನ್ನು ನೋಡಿರಲೂ ಇಲ್ಲ, ಕಣ್ಣು ಗಡಿಯಾರದ ಮೇಲಿತ್ತಂತೆ.

ಸರಿಯಾಗಿ ನಾವು ಲೆಕ್ಕ ಹಾಕಿದ ಜಾಗದಲ್ಲಿ ಪರದೆ ಕಪ್ಪಾಯಿತು. ಲೈಟು ಬಂತು. ಸಿಳ್ಳೆ, ಕೂಗಾಟ. "ಏಯ್ ಕಾರ್ಬನ್, ನಿದ್ದೆ ಬಂತಾ?" ಭಾವ ಜೀವಮಾನದಲ್ಲಿ ಮೊದಲ ಸಲ ಆ ಬೈಗುಳ ತಿಂದರು. ಅಕ್ಕ ಎದ್ದಳು. ಹೊರಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದಳು. ಮಂಡಿನೋವಿನವಳು, ಹದಿನಾರು ಕಡಿದಾದ ಮೆಟ್ಟಿಲು, ಕಂಬಿ ಹಿಡಿದು ಒಂದೊಂದೇ ಹತ್ತಿದಳು. ನಾನು ಹಿಂದೆ ಹೋದೆ.

ಭಾವ ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. "ಮಷೀನು ಕೆಟ್ಟಿದೆ ಕಣೆ," ಅಂದರು.

"ಹಾಕಿ."

"ಕೆಟ್ಟಿದೆ ಅಂದ್ನಲ್ಲ..."

"ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದೀನಿ. ನೀವು ಸುಳ್ಳು ಹೇಳೋದು ನಂಗೆ ಗೊತ್ತಾಗಲ್ವಾ? ಹಾಕಿ ರೀ. ಪೂರ್ತಿ ನೋಡ್ಬೇಕು ನಾನು."

ಭಾವ ನನ್ನ ಕಡೆ ನೋಡಿದರು. ನಾನೇನು ಮಾಡಲಿ? ಮೊದಲ ಉಪಾಯವೂ ನನ್ನದೇ ಆಗಿತ್ತು, ಇನ್ನೊಂದು ನನ್ನ ಹತ್ತಿರ ಇರಲಿಲ್ಲ. ಭಾವ ಗುಂಡಿ ಒತ್ತಿದರು. ಗೋಡೆಯಲ್ಲಿರುವ ಚೌಕದ ಕಿಂಡಿಗೆ ಅಕ್ಕ ಮುಖವಿಟ್ಟಳು. ಅವಳ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಹಡಗು ವಾಲಿತು. ಜನ ನೀರಿಗೆ ಹಾರಿದರು. ಅಡುಗೆಯವನು ಒಲೆ ಆರಿಸಲು ಮೆಟ್ಟಿಲಿಳಿದ.

"ಬಿಡೋ... ಬಿಟ್ಟು ಬಾರೋ," ಅಂದಳು ಅಕ್ಕ, ಪಕ್ಕದ ಕೋಣೆಯಲ್ಲಿರುವವನನ್ನು ಕರೆಯುವ ಹಾಗೆ.

ಅವನು ಬರಲಿಲ್ಲ. ನೀರು ಬಂತು, ನೀರೇ ಉಳಿಯಿತು, ಆಮೇಲೆ ಅಕ್ಷರಗಳು ಓಡಿದವು. ಕೆಳಗೆ ಜನ ಎದ್ದು ಹೋಗುತ್ತಾ ಆಗಲೇ ವಾದಕ್ಕೆ ಬಿದ್ದಿದ್ದರು, ಒಬ್ಬ ಅದ್ಭುತ ಎನ್ನುತ್ತಿದ್ದ, ಇನ್ನೊಬ್ಬ ಬೋರು ಎನ್ನುತ್ತಿದ್ದ. ಅಕ್ಕ ಕಿಂಡಿಯಿಂದ ತಿರುಗಿದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾವು ಸಮಾಧಾನವಾದರೂ ಮಾಡುತ್ತಿದ್ದೆವು.

"ಮಗಂಗೆ ಗೊತ್ತಿತ್ತಾ?" ಎಂದು ಕೇಳಿದಳು.

ಭಾವ ಇಲ್ಲ ಎಂದು ತಲೆಯಾಡಿಸಿದರು.

"ಅವನು ಬರುತ್ತೆ ಅಂತಾನೇ ಅಂದ್ಕೊಂಡು ಹೋದ್ನಾ?"

ಭಾವ ಗೋಡೆಗೆ ಆನಿಕೊಂಡು ನೆಲದ ಮೇಲೆ ಕೂತರು. ಬೈದಿದ್ದರೆ ಆಗುತ್ತಿತ್ತು, ಎರಡು ಏಟು ಹಾಕಿದ್ದರೂ ಆಗುತ್ತಿತ್ತು. ಅಕ್ಕ ಫೋನನ್ನು ಎತ್ತಿ ಹಿಡಿದು, ಈ ಕ್ಯಾಬಿನ್ನಿನಲ್ಲಿ ಸಿಗ್ನಲ್ಲೇ ಬರುವುದಿಲ್ಲ ಎಂದು ಗಾಬರಿಯಾಗಿ ಕೆಳಗಿಳಿದಳು. ಸಿನಿಮಾ ನೋಡುತ್ತಾ ಕೂತಾಗ ಏನಾದರೂ ಫೋನ್ ಬಂದಿತ್ತೋ ಏನೋ ಎಂದು ಆಮೇಲೆ ನೂರು ಸಲ ಕೇಳಿದಳು. ಬಂದಿರಲಿಲ್ಲ.

ಹನ್ನೆರಡನೇ ದಿನ ಮೂವರೂ ಬೆಳಗಿನಿಂದ ಕಿಟಕಿಯ ಹತ್ತಿರವೇ ಇದ್ದೆವು. ಸಿನಿಮಾದ ಲೆಕ್ಕಕ್ಕೂ ಇದಕ್ಕೂ ಏನು ಸಂಬಂಧ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೂ ಇದ್ದೆವು. ಏನೂ ಬರಲಿಲ್ಲ.

ಇವತ್ತಿಗೆ ಹತ್ತೊಂಬತ್ತು ದಿನ. ಅಕ್ಕನಿಗೆ ಮನೆಯಲ್ಲಿ ಕೂರಲು ಆಗುತ್ತಿಲ್ಲ, ನನ್ನ ಕೌಂಟರಿನಲ್ಲೇ ಒಂದು ಕುರ್ಚಿ ಹಾಕಿಕೊಟ್ಟಿದ್ದೇನೆ. ಇಲ್ಲಿ ಸಿಗ್ನಲ್ ಚೆನ್ನಾಗಿದೆ. ಭಾವ ಮೇಲೆ ಗುಂಡಿ ಒತ್ತಿ ಬಂದು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಾರೆ. ಇಬ್ಬರೂ ಮಾತಾಡುವುದಿಲ್ಲ, ಆದರೆ ಮಧ್ಯಾಹ್ನ ಅಕ್ಕ ಅವರ ಡಬ್ಬಿಯನ್ನು ನನ್ನ ಕೈಯಲ್ಲಿ ಕಳಿಸುತ್ತಾಳೆ. ಊರಿನಲ್ಲಿ ವಾದ ಬೆಳೆದೂ ಬೆಳೆದೂ ಸಿನಿಮಾ ಇನ್ನೂ ಓಡುತ್ತಿದೆ. ಟಿಕೆಟ್ ತೆಗೆದುಕೊಳ್ಳುವ ಮುಂಚೆ ಎಲ್ಲರದೂ ಒಂದೇ ಪ್ರಶ್ನೆ.

ಈವತ್ತು ಒಬ್ಬ ಗಂಡ ಹೆಂಡತಿ ಬಂದರು. ಹೆಂಡತಿ ತುಂಬು ಬಸುರಿ. ಗಂಡ ಕಿಂಡಿಗೆ ಬಗ್ಗಿ, "ಅಕ್ಕಾ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇವಳಿಗೆ ದುಃಖದ್ದು ಬೇಡ. ನಿಜ ಹೇಳಿ, ಕೊನೆಗೆ ಹಡಗು ಬರುತ್ತಾ?" ಎಂದು ಕೇಳಿದ.

ಯಾವ ಮಾತಿಗೂ ತಡವರಿಸದ ನಾನು ಟಿಕೆಟ್ ಪುಸ್ತಕದ ಹಾಳೆ ತಿರುವತೊಡಗಿದೆ. ಅಕ್ಕ ಫೋನಿನಿಂದ ತಲೆಯೆತ್ತಿದಳು.

"ಇನ್ನೂ ಸುದ್ದಿ ಬಂದಿಲ್ಲಪ್ಪಾ," ಅಂದಳು.